ಮೇಷ್ಟ್ರು ಕೋರ್ಟಿಗೆ, ಕಾನೂನು ಕ್ಲಾಸಿಗೆ

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಜಾರಿಗೆ ಬಂದದ್ದು ಎಂಟು ವರ್ಷ ಕಳೆದ ಮೇಲೆ, 1995ರ ನವೆಂಬರ್ 9ರಂದು. ಆ ದಿನವನ್ನೇ ನಾವು ಪ್ರತಿ ವರ್ಷ ಕಾನೂನು ಸೇವೆಗಳ ದಿನವೆಂದು ಆಚರಿಸುತ್ತಿದ್ದೇವೆ. ಕಾಯ್ದೆಯ 4ನೇ ಕಲಂನಲ್ಲಿ ರಾಷ್ಟ್ರೀಯ ಪ್ರಾಧಿಕಾರದ ಕೆಲಸಗಳ ಉದ್ದನೆಯ ಪಟ್ಟಿಯಿದೆ. ಜನರಿಗೆ, ಅದರಲ್ಲೂ ದುರ್ಬಲ ವರ್ಗದವರಿಗೆ, ಕಾನೂನಿನ ತಿಳಿವಳಿಕೆ ಮುಟ್ಟಿಸುವುದು ಆ ಕೆಲಸಗಳಲ್ಲೊಂದು. ಅದೇ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಹೆಸರಿದೆ, ಕಾನೂನು ಕಾಲೇಜುಗಳ ಹೆಸರಿದೆ, ಸ್ವಯಂಸೇವಾ ಸಂಸ್ಥೆಗಳ ಹೆಸರಿದೆ. ಊರಿನ ಶಾಲೆಯ ಹೆಸರಿಲ್ಲ, ಶಾಲೆಯ ಮೇಷ್ಟರ ಹೆಸರೂ ಇಲ್ಲ.

ಕಾಯ್ದೆ ಬರೆದವರು ಹೆಸರಿಸದ ಈ ಮೇಷ್ಟ್ರೇ ಕೊನೆಗೆ ಈ ಕೆಲಸದ ಕೀಲಾದರು ಎಂಬುದು ನನ್ನ ತಿಳಿವಳಿಕೆ. ಅದು ಹೇಗಾಯಿತು, ಆಗಬೇಕಾದದ್ದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಈ ಸಂಚಿಕೆಯಲ್ಲಿ ದಾಖಲಿಸಿಡಬೇಕೆಂದು ಬರೆಯುತ್ತಿದ್ದೇನೆ.

ಉಚಿತ ಕಾನೂನು ನೆರವಿನ ಮಾತು ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಎಪ್ಪತ್ತರ ದಶಕದಲ್ಲಿ. 1972ರಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಮರುವರ್ಷವೇ ವರದಿ ಬಂತು. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿ, ಬಡತನದ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆರೋಪ ಸಾಬೀತಾಗಿದ್ದರೂ ಅನುಭವಿಸಬೇಕಿರದಷ್ಟು ಕಾಲ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಸಂಗತಿ ಆಗ ದೇಶಕ್ಕೆ ತಿಳಿಯಿತು. ಅವರಿಗೆ ತಮ್ಮ ಹಕ್ಕು ಗೊತ್ತಿರಲಿಲ್ಲ, ಗೊತ್ತುಮಾಡಿಸುವವರೂ ಇರಲಿಲ್ಲ. ಮರುವರ್ಷ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಅಧ್ಯಕ್ಷತೆಯಲ್ಲಿ ಕಾನೂನು ನೆರವು ಯೋಜನೆಗಳ ಅನುಷ್ಠಾನ ಸಮಿತಿ ರಚನೆಯಾಗಿ, ಶಿಬಿರಗಳೂ ಲೋಕ ಅದಾಲತ್‌ಗಳೂ ಹಳ್ಳಿಯ ಕಡೆ ಹೊರಟವು.

ಹಳ್ಳಿಯಲ್ಲಿ ಶಿಬಿರಕ್ಕೆ ಜಾಗವೆಂದರೆ ಹೆಚ್ಚಾಗಿ ಶಾಲೆಯೇ. ಬೆಂಚು, ಮೇಜು, ನೆರಳು, ಕುಡಿಯುವ ನೀರು ಎಲ್ಲವೂ ಅಲ್ಲಿರುತ್ತವೆ. ಹೀಗಾಗಿ ಕಾನೂನು ನೆರವು ಶಾಲೆಯೊಳಗೆ ಮೊದಲು ಬಂದದ್ದು ಪಾಠವಾಗಿ ಅಲ್ಲ, ಕಾರ್ಯಕ್ರಮವಾಗಿ. ನ್ಯಾಯಾಧೀಶರು ದೀಪ ಬೆಳಗುತ್ತಾರೆ, ವಕೀಲರ ಸಂಘದ ಅಧ್ಯಕ್ಷರು ಪ್ರಾಸ್ತಾವಿಕ ಮಾತಾಡುತ್ತಾರೆ, ಸಂಪನ್ಮೂಲ ವ್ಯಕ್ತಿಗಳು ಬಾಲ್ಯವಿವಾಹದಿಂದ ಹಿಡಿದು ಮೋಟಾರು ವಾಹನ ಕಾಯ್ದೆಯವರೆಗೆ ಒಂದೇ ಉಪನ್ಯಾಸದಲ್ಲಿ ಹೇಳಿ ಮುಗಿಸುತ್ತಾರೆ. ಅಂಗಳದಲ್ಲಿ ಸಾಲಾಗಿ ಕೂತ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮೇಷ್ಟರ ಪಾಲಿಗೆ ಬರುವುದು ನಿರೂಪಣೆ, ಸ್ವಾಗತ, ವಂದನಾರ್ಪಣೆ. ಇದನ್ನು ಹಗುರವಾಗಿ ಕಾಣಬಾರದು. ದಿನವಿಡೀ ಕಲಾಪ ನಡೆಸಿ ದಣಿದ ನ್ಯಾಯಾಧೀಶರು ಶನಿವಾರ ಭಾನುವಾರಗಳಲ್ಲಿ ಹಳ್ಳಿಗೆ ಬಂದು ಮಕ್ಕಳ ಮುಂದೆ ನಿಂತದ್ದು ದೊಡ್ಡ ಸೇವೆ. ನ್ಯಾಯಾಧೀಶರನ್ನು ಕಣ್ಣಾರೆ ಕಂಡ ಮಗುವಿಗೆ ಕೋರ್ಟಿನ ಅಂಜಿಕೆ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಆದರೆ ಉಪನ್ಯಾಸ ಕೇಳಿದ ಮಗುವಿಗೆ ಮರುದಿನ ಒಂದು ಪ್ರಶ್ನೆ ಹುಟ್ಟಿದರೆ ಅದು ಹೋಗುವುದು ಮೇಷ್ಟರ ಹತ್ತಿರ. ಆ ಮೇಷ್ಟರನ್ನು ಸಿದ್ಧಮಾಡುವ ಯೋಚನೆ ಬಹಳ ವರ್ಷ ಯಾರಿಗೂ ಬರಲಿಲ್ಲ.

ಶಾಲೆಯ ಪಠ್ಯದ ಕಡೆಯಿಂದಲೂ ಸಹಾಯವಿರಲಿಲ್ಲ. ನಮ್ಮ ಕಾಲದ ಪೌರನೀತಿ ಪುಸ್ತಕದಲ್ಲಿ ಲೋಕಸಭೆಯ ಸದಸ್ಯರೆಷ್ಟು, ರಾಜ್ಯಪಾಲರ ಅಧಿಕಾರಗಳೇನು, ಹೈಕೋರ್ಟಿನ ನ್ಯಾಯಾಧೀಶರ ನಿವೃತ್ತಿ ವಯಸ್ಸೆಷ್ಟು ಎಂಬುದೆಲ್ಲ ಇರುತ್ತಿತ್ತು. ಪೊಲೀಸರು ಅಪ್ಪನನ್ನು ಠಾಣೆಗೆ ಕರೆದೊಯ್ದರೆ ಮನೆಯವರು ಮಾಡಬೇಕಾದದ್ದೇನು ಎಂಬುದು ಇರುತ್ತಿರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇಲ್ಲೊಂದು ದೊಡ್ಡ ತಿರುವು ತಂದಿತು. ಎನ್‌ಸಿಇಆರ್‌ಟಿ ಆರರಿಂದ ಎಂಟನೇ ತರಗತಿಯವರೆಗೆ ಪೌರನೀತಿಯನ್ನು ಕೈಬಿಟ್ಟು ಸಾಮಾಜಿಕ ಮತ್ತು ರಾಜಕೀಯ ಜೀವನ ಎಂಬ ಹೊಸ ಪುಸ್ತಕಗಳನ್ನು ತಂದಿತು. 2008ರಲ್ಲಿ ಬಂದ ಎಂಟನೇ ತರಗತಿಯ ಪುಸ್ತಕದಲ್ಲಿ ಕಾನೂನು ಹೇಗೆ ಹುಟ್ಟುತ್ತದೆ, ನ್ಯಾಯಾಂಗ ಎಂದರೇನು, ಅಪರಾಧ ನ್ಯಾಯ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದೊಂದು ಪಾಠವಿತ್ತು.

ಅವುಗಳಲ್ಲಿ ಕೊನೆಯದನ್ನು ನಾನು ಮತ್ತೆ ಮತ್ತೆ ಶಿಕ್ಷಕರ ಮುಂದೆ ಇಡುತ್ತೇನೆ. ಶಾಂತಿ ಎಂಬ ಮನೆಗೆಲಸದ ಹೆಣ್ಣುಮಗಳ ಮೇಲೆ ಚಿನ್ನದ ಸರ ಕದ್ದ ಆರೋಪ ಬರುತ್ತದೆ. ದೂರು, ಬಂಧನ, ಜಾಮೀನಿಗಾಗಿ ಪರದಾಟ, ಆರೋಪಪಟ್ಟಿ, ಸಾಕ್ಷಿಗಳ ವಿಚಾರಣೆ, ಪಾಟಿ ಸವಾಲು, ತೀರ್ಪು, ಎಲ್ಲವೂ ಕಥೆಯ ಜೊತೆಯಲ್ಲೇ ಸಾಗುತ್ತವೆ. ಪೊಲೀಸರ ಕೆಲಸ ಎಲ್ಲಿಗೆ ಮುಗಿಯುತ್ತದೆ, ಸರ್ಕಾರಿ ವಕೀಲರು ಯಾರ ಪರ, ಆರೋಪಿಯ ವಕೀಲರಿಗೆ ಏನು ಅಧಿಕಾರ, ನ್ಯಾಯಾಧೀಶರು ಯಾಕೆ ಎರಡೂ ಕಡೆಯವರ ಮಾತು ಕೇಳಬೇಕು ಎಂಬುದು ಒಂದು ಕುಟುಂಬದ ಸಂಕಟದ ಮೂಲಕ ಮಗುವಿಗೆ ತಿಳಿಯುತ್ತದೆ. ಒಳ್ಳೆಯ ಪಾಠ. ಆದರೆ ಅದನ್ನು ಕಲಿಸಬೇಕಾದ ಶಿಕ್ಷಕರಲ್ಲಿ ಹೆಚ್ಚಿನವರು ಒಂದು ಕ್ರಿಮಿನಲ್ ಕೇಸಿನ ವಿಚಾರಣೆಯನ್ನು ಕೂತು ನೋಡಿದವರಲ್ಲ. ಜಾಮೀನು ಸಿಕ್ಕಿದರೆ ಕೇಸು ಮುಗಿಯಿತು ಎಂದು ನಂಬಿದವರು, ಬಂಧನವಾದರೆ ಅಪರಾಧ ಸಾಬೀತಾಯಿತು ಎಂದು ತಿಳಿದವರು ಶಿಕ್ಷಕರಲ್ಲೂ ಇದ್ದಾರೆ. ತಪ್ಪು ಅವರದಲ್ಲ. ಬಿ.ಇಡಿ. ಓದಿನಲ್ಲಿ ಬೋಧನಾ ವಿಧಾನಗಳನ್ನು ಓದಿಸಿದವರು ಕೋರ್ಟು ತೋರಿಸಲಿಲ್ಲ.

ಮುಂದಿನ ನಾಲ್ಕು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 2009ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಅರೆಕಾಲಿಕ ಕಾನೂನು ಸ್ವಯಂಸೇವಕರ, ಅಂದರೆ ನಾವು ಪಿಎಲ್‌ವಿ ಎಂದು ಕರೆಯುವವರ, ಯೋಜನೆ ತಂದಿತು. ಯಾರನ್ನು ಆಯ್ದು ತರಬೇತಿ ಕೊಡಬಹುದೆಂಬ ಪಟ್ಟಿಯಲ್ಲಿ ಶಿಕ್ಷಕರ, ನಿವೃತ್ತ ಶಿಕ್ಷಕರ ಹೆಸರು ಸ್ಪಷ್ಟವಾಗಿ ಬಂತು. ಮೂಲ ಕಾಯ್ದೆಯಲ್ಲಿ ಬಿಟ್ಟುಹೋಗಿದ್ದ ಮೇಷ್ಟ್ರು ಹೀಗೆ ಯೋಜನೆಯ ಮೂಲಕ ಒಳಗೆ ಬಂದರು. ಅದೇ ವರ್ಷ ಸಂಸತ್ತು ಒಪ್ಪಿದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿ, ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಎಂದಿತು. 2012ರ ನವೆಂಬರ್ 14ರಂದು ಪೋಕ್ಸೋ ಕಾಯ್ದೆ ಬಂತು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಸಂಶಯ ಬಂದವರು ಎಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಕಾನೂನನ್ನು ಪಾಠ ಮಾಡಬೇಕಾದವರು ತಾವೇ ಕಾನೂನಿನ ಎದುರು ನಿಂತಂತಾಯಿತು. ಶಿಕ್ಷಕರ ತರಬೇತಿಯಲ್ಲಿ ಕಾನೂನಿನ ಅವಧಿಗೆ ಹಿಂದೆಂದೂ ಇರದ ಗಮನ ಸಿಕ್ಕಿದ್ದು ಆಗಲೇ. ಆ ಗಮನದ ಹಿಂದೆ ಭಯವಿತ್ತು. ಕೋಲು ಹಿಡಿದರೆ ಅಮಾನತು, ಸುಮ್ಮನಿದ್ದರೆ ಜೈಲು ಎಂಬ ಧಾಟಿಯ ಮಾತು ಎಷ್ಟೋ ಸ್ಟಾಫ್ ರೂಮುಗಳಲ್ಲಿ ಓಡಾಡಿತು. ಅರ್ಧ ತಿಳಿದ ಕಾಯ್ದೆಯಿಂದ ಹುಟ್ಟುವ ಭಯ ಮಗುವಿಗೆ ಅಪಾಯಕಾರಿ. ಹೆದರಿದ ಮೇಷ್ಟ್ರು ಮಗು ಏನಾದರೂ ಹೇಳಲು ಬಂದರೆ ಕಿವಿಗೊಡದೆ ಮನೆಗೆ ಕಳಿಸಿಬಿಡುತ್ತಾರೆ.

ಅದಕ್ಕೇ ಕಾನೂನು ಸೇವಾ ಸಂಸ್ಥೆಗಳ ಇತಿಹಾಸದಲ್ಲಿ 2012ರ ನಂತರದ ತರಬೇತಿಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಶಿಕ್ಷಕರು ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮಗು ಹೇಳಿದ್ದು ನಿಜವೋ ಸುಳ್ಳೋ ಎಂದು ನಾವೇ ವಿಚಾರಿಸಿ ನೋಡಬೇಕೆ? ಹೆಡ್‌ಮಾಸ್ಟರಿಗೆ ಹೇಳಿದರೆ ಸಾಕೆ? ಕೊನೆಗೆ ಏನೂ ಇಲ್ಲವೆಂದಾದರೆ ನಮ್ಮ ಮೇಲೇ ಕೇಸು ಬೀಳುತ್ತದೆಯೆ? ಇವಕ್ಕೆ ಕಾಯ್ದೆಯಲ್ಲೇ ಉತ್ತರವಿದೆ. ತನಿಖೆ ಶಿಕ್ಷಕರ ಕೆಲಸವಲ್ಲ. ಸಂಶಯ ಬಂದರೆ ತಿಳಿಸುವುದಷ್ಟೇ ಕೆಲಸ. ಹೆಡ್‌ಮಾಸ್ಟರಿಗೆ ಹೇಳಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಮಾಹಿತಿ ಪೊಲೀಸರಿಗೆ ಮುಟ್ಟಬೇಕು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಸಿವಿಲ್ ದಾವೆಯೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ ಎಂದು 19ನೇ ಕಲಂ ಹೇಳುತ್ತದೆ. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಇಷ್ಟಪಟ್ಟ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಕೋರ್ಟಿನಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವುದಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕ ಬರುತ್ತವೆ. ಇಷ್ಟು ತಿಳಿದ ಶಿಕ್ಷಕಿ ಮಗುವಿನ ಕೈಹಿಡಿದು ಧೈರ್ಯ ಹೇಳಬಲ್ಲಳು. ಇವನ್ನು ಕಾಯ್ದೆಯ ಭಾಷೆಯಿಂದ ತರಗತಿಯ ಭಾಷೆಗೆ ಇಳಿಸಿದ ಜಿಲ್ಲಾ ಪ್ರಾಧಿಕಾರಗಳ ವಕೀಲರು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಮಕ್ಕಳ ಹಕ್ಕುಗಳ ಸಂಘಟನೆಗಳ ಕಾರ್ಯಕರ್ತರು ಎಷ್ಟೋ ಮಂದಿ. ಅವರ ಹೆಸರು ಯಾವ ವರದಿಯಲ್ಲೂ ಸಿಗುವುದಿಲ್ಲ.

ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಚರಿತ್ರೆಯಿದೆ. ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಅವರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ಅಸಿಂಧುವಲ್ಲ, ಮದುವೆಯಾದ ಮಗುವೇ ಅರ್ಜಿ ಹಾಕಿ ರದ್ದುಮಾಡಿಸಿಕೊಳ್ಳಬೇಕು. ಕರ್ನಾಟಕದ 2016ರ ತಿದ್ದುಪಡಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ಮದುವೆ ನಡೆಯುವ ಮೊದಲೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು, ಯಾರು ಬೇಕಾದರೂ ಅವರಿಗೆ ಮಾಹಿತಿ ಮುಟ್ಟಿಸಬಹುದು ಎಂಬುದು ಮೂಲ ಕಾಯ್ದೆಯಲ್ಲೇ ಇದೆ. ಈ ಮಾಹಿತಿ ಮೊದಲು ತಿಳಿಯುವುದು ಯಾರಿಗೆ? ಒಂಬತ್ತನೇ ತರಗತಿಯ ಹುಡುಗಿ ಮಾರ್ಚ್‌ ಪರೀಕ್ಷೆ ಮುಗಿದ ಮೇಲೆ ಗೆಳತಿಯರ ಹತ್ತಿರ ಪಿಸುಗುಟ್ಟಿದ್ದು ಊರಿನ ಬೇರೆಲ್ಲರಿಗಿಂತ ಮುಂಚೆ ಮೇಡಂ ಕಿವಿಗೆ ಬೀಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಬೆರಳು ಎಷ್ಟೋ ಸಲ ಶಿಕ್ಷಕಿಯದು. 2006ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ಎದ್ದುನಿಂತು ಶೌಚಾಲಯವಿಲ್ಲ, ಬಸ್ಸಿಲ್ಲ, ಶಾಲೆಯ ಪಕ್ಕ ಸಾರಾಯಿ ಮಾರುತ್ತಾರೆ ಎಂದು ಪಂಚಾಯ್ತಿಯವರ ಮುಖಕ್ಕೆ ಹೇಳುವುದನ್ನು ಕಂಡವರಿಗೆ ಗೊತ್ತು, ಆ ಧೈರ್ಯದ ಹಿಂದೆ ವಾರಗಟ್ಟಲೆ ತಯಾರಿ ಕೊಟ್ಟ ಒಬ್ಬ ಶಿಕ್ಷಕರು ಇದ್ದೇ ಇರುತ್ತಾರೆ.

ಕಾನೂನು ಕಾಲೇಜುಗಳ ಪಾತ್ರವನ್ನು ಇಲ್ಲಿ ಹೇಳಬೇಕು. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಪಾಠ ಶುರುಮಾಡಿತು. ಕಾನೂನು ವಿದ್ಯಾರ್ಥಿ ಜನರ ನಡುವೆ ಕಲಿಯಬೇಕೆಂಬುದು ಮೆನನ್ ಅವರ ಹಟ. ಅಲ್ಲಿ ಬೆಳೆದ ಮಕ್ಕಳು ಮತ್ತು ಕಾನೂನು ಕೇಂದ್ರ ಶಿಕ್ಷಣ ಹಕ್ಕು, ಬಾಲನ್ಯಾಯ ವಿಷಯಗಳಲ್ಲಿ ದೇಶಕ್ಕೇ ಬೇಕಾದ ಕೆಲಸ ಮಾಡಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು ಒಂದೇ ಸೂರಿನಡಿ ಬಂದವು. ಪ್ರತಿ ಕಾಲೇಜಿನಲ್ಲೂ ಕಾನೂನು ನೆರವು ಘಟಕವಿದೆ, ಹಳ್ಳಿಗಳನ್ನು ದತ್ತು ಪಡೆಯುವ ಅವಕಾಶವಿದೆ. ಆದರೂ ನಮ್ಮ ವಿದ್ಯಾರ್ಥಿಗಳು ಶಾಲೆಗೆ ಹೋದಾಗ ಮಾಡುವುದು ಬೀದಿನಾಟಕ, ಜಾಥಾ, ಭಿತ್ತಿಪತ್ರ. ಶಿಕ್ಷಕರ ಜೊತೆ ಕೂತು ಪಾಠ ಕಟ್ಟುವುದು ಅಪರೂಪ.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. 1972ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ವಾಷಿಂಗ್ಟನ್ ನಗರದ ಹೈಸ್ಕೂಲುಗಳಿಗೆ ಹೋಗಿ ಬಾಡಿಗೆ ಮನೆ, ಪೊಲೀಸರು, ಸಾಲ, ಕುಟುಂಬ ಇತ್ಯಾದಿ ದಿನನಿತ್ಯದ ಕಾನೂನನ್ನು ಕಲಿಸತೊಡಗಿದರು. ಅದಕ್ಕೆ ಸ್ಟ್ರೀಟ್ ಲಾ ಎಂದು ಹೆಸರಾಯಿತು. ಆ ಮೊದಲ ಗುಂಪಿನ ಎಡ್ವರ್ಡ್ ಓಬ್ರಿಯನ್ ಅದನ್ನೇ ಜೀವನದ ಕೆಲಸ ಮಾಡಿಕೊಂಡರು. 1975ರಲ್ಲಿ ಪಠ್ಯಪುಸ್ತಕ ಬಂತು, ಎಂಬತ್ತರ ದಶಕದಲ್ಲಿ ಡೇವಿಡ್ ಮೆಕ್ವಾಯ್ಡ್ ಮೇಸನ್ ಎಂಬ ಪ್ರಾಧ್ಯಾಪಕರು ವರ್ಣಭೇದದ ಆಳ್ವಿಕೆಯಿದ್ದ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇದನ್ನು ಆರಂಭಿಸಿದರು. ಆದರೆ ಕಲಿಸಲು ಹೋಗುವ ಕಾನೂನು ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಶಾಲೆಯ ಶಿಕ್ಷಕರು ಉಳಿಯುತ್ತಾರೆ. ಸ್ಟ್ರೀಟ್ ಲಾ ಸಂಸ್ಥೆ 1995ರಿಂದ ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸ ಸಂಘದ ಜೊತೆಗೂಡಿ ಬೇಸಿಗೆಯಲ್ಲಿ ಹೈಸ್ಕೂಲು ಶಿಕ್ಷಕರನ್ನು ವಾಷಿಂಗ್ಟನ್ನಿಗೆ ಕರೆಸಿ, ಪ್ರಕರಣಗಳನ್ನು ಓದಿಸಿ, ಸರ್ವೋಚ್ಚ ನ್ಯಾಯಾಲಯದೊಳಗೇ ಕೂರಿಸಿ ತೋರಿಸುತ್ತ ಬಂದಿದೆ. ನಮ್ಮ ಕಾಯ್ದೆ ಜಾರಿಯಾದದ್ದೂ ಅದೇ ವರ್ಷ. ನಾವು ಮಗುವಿಗೆ ಉಪನ್ಯಾಸ ಕೊಡುವ ದಾರಿ ಹಿಡಿದೆವು, ಅವರು ಮೇಷ್ಟರನ್ನು ಕೋರ್ಟಿಗೆ ಕರೆದೊಯ್ಯುವ ದಾರಿ ಹಿಡಿದರು. ನಮಗಿರುವ ಸಂಸ್ಥೆಗಳ ಬಲ ಅವರಿಗಿಂತ ದೊಡ್ಡದು. ತಾಲ್ಲೂಕು ಮಟ್ಟದವರೆಗೂ ಕಾನೂನು ಸೇವಾ ಸಮಿತಿಗಳಿರುವ ದೇಶ ನಮ್ಮದು.

ಮೇಷ್ಟ್ರು ತಾಲ್ಲೂಕು ಕೋರ್ಟಿನಲ್ಲಿ ಒಂದು ದಿನ ಕೂತರೆ ಏನು ಕಲಿಯುತ್ತಾರೆ? ಮೊದಲನೆಯದಾಗಿ, ಅಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು. ಪೋಕ್ಸೋದಂಥ ಗುಪ್ತ ವಿಚಾರಣೆ ಬಿಟ್ಟರೆ ನಮ್ಮ ನ್ಯಾಯಾಲಯಗಳು ತೆರೆದ ನ್ಯಾಯಾಲಯಗಳು. ಬೆಳಗ್ಗೆ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುತ್ತಾನೆ. ಒಂದು ಕೇಸಿಗೆ ವಾಯಿದೆ, ಇನ್ನೊಂದಕ್ಕೆ ಸಮನ್ಸ್ ಜಾರಿಯಾಗಿಲ್ಲ, ಮತ್ತೊಂದರಲ್ಲಿ ಸಾಕ್ಷಿ ಬಂದಿದ್ದಾರೆ. ಪೊಲೀಸರು ಹಿಂದಿನ ದಿನ ಹಿಡಿದ ಯುವಕನನ್ನು ಇಪ್ಪತ್ತನಾಲ್ಕು ಗಂಟೆ ತುಂಬುವ ಮೊದಲು ತಂದು ನಿಲ್ಲಿಸುತ್ತಾರೆ. ವಕೀಲರಿಲ್ಲ ಎಂದಾಗ ಮ್ಯಾಜಿಸ್ಟ್ರೇಟರು ಕಾನೂನು ನೆರವಿನ ವಕೀಲರನ್ನು ಕೊಡಿಸುತ್ತಾರೆ. ಸಂವಿಧಾನದ 22ನೇ ವಿಧಿ, 39ಎ ವಿಧಿ ಎರಡೂ ಆ ಐದು ನಿಮಿಷದಲ್ಲಿ ಕಣ್ಣೆದುರು ನಡೆಯುತ್ತವೆ. ಕಲಾಪ ಕನ್ನಡದಲ್ಲೇ ಹೆಚ್ಚಾಗಿ ಸಾಗುವುದರಿಂದ ಮೇಷ್ಟರಿಗೆ ಎಲ್ಲವೂ ತಿಳಿಯುತ್ತದೆ. ವಿಳಂಬವೂ ಕಾಣುತ್ತದೆ, ಸಾಕ್ಷಿಯ ತಡವರಿಕೆಯೂ ಕಾಣುತ್ತದೆ, ತಾಳ್ಮೆಯಿಂದ ಕೇಳುವ ನ್ಯಾಯಾಧೀಶರೂ ಕಾಣುತ್ತಾರೆ. ಹೀಗೆ ನೋಡಿ ಬಂದವರು ಮರುದಿನ ತರಗತಿಯಲ್ಲಿ ಹೇಳುವ ಮಾತಿಗೆ ತೂಕವೇ ಬೇರೆ. ಕೋರ್ಟನ್ನು ಅವರು ಹೊಗಳಿ ಅಟ್ಟಕ್ಕೇರಿಸುವುದೂ ಇಲ್ಲ, ಅಲ್ಲಿ ನ್ಯಾಯವೇ ಇಲ್ಲವೆಂದು ತಳ್ಳಿಹಾಕುವುದೂ ಇಲ್ಲ.

ತರಗತಿಯಲ್ಲಿ ಪಾಠ ಮಾಡುವಾಗ ಕಲಂಗಳ ಪಟ್ಟಿಗಿಂತ ಪ್ರಕರಣಗಳು ಒಳ್ಳೆಯದು. ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣ ನೋಡಿ. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡದ ಒಂದೇ ಮನೆಯ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟಿನಲ್ಲಿ ಸೋತ ಮಕ್ಕಳು ಸುಪ್ರೀಂ ಕೋರ್ಟಿಗೆ ಹೋದರು. ಅರ್ಧ ತರಗತಿ ಮುಖ್ಯೋಪಾಧ್ಯಾಯಿನಿಯ ಪರ, ಅರ್ಧ ಮಕ್ಕಳ ಪರ ವಾದ ಮಾಡಲಿ. ಇಬ್ಬರು ಮೂವರು ನ್ಯಾಯಾಧೀಶರಾಗಿ ಕಾರಣ ಬರೆದು ತೀರ್ಪು ಕೊಡಲಿ. ಆಮೇಲೆ ಮೇಷ್ಟ್ರು 1986ರಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು ಎಂಬುದನ್ನೂ ಅದರ ಕಾರಣಗಳನ್ನೂ ಹೇಳಬೇಕು. ತೀರ್ಪನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ಅದನ್ನು ಬರೆದುಕೊಂಡು ಸುಮ್ಮನಾಗುತ್ತಾರೆ. ಈ ಸಂಯಮ ಶಿಕ್ಷಕರಿಗೆ ಅಭ್ಯಾಸದಿಂದಲೇ ಬರಬೇಕು.

ಕರ್ನಾಟಕದ್ದೇ ಪ್ರಕರಣ ಬೇಕೆಂದರೆ ಮೋಹಿನಿ ಜೈನ್ ಇದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕ ಕಟ್ಟಲಾಗದ ವಿದ್ಯಾರ್ಥಿನಿಯೊಬ್ಬಳು ಹೂಡಿದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣ ಪ್ರತಿಯೊಬ್ಬರ ಹಕ್ಕು ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದು ಹದಿನಾಲ್ಕು ವರ್ಷದವರೆಗಿನ ಮಕ್ಕಳ ಹಕ್ಕಾಗಿ ಸ್ಪಷ್ಟವಾಯಿತು, 2002ರಲ್ಲಿ 86ನೇ ತಿದ್ದುಪಡಿ 21ಎ ವಿಧಿಯನ್ನು ತಂದಿತು, ಅದರ ಹಿಂದೆ ಶಿಕ್ಷಣ ಹಕ್ಕು ಕಾಯ್ದೆ ಬಂತು. ತಾನು ಕೂತಿರುವ ಬೆಂಚಿಗೆ ಇಷ್ಟು ದೀರ್ಘ ಹೋರಾಟದ ಹಿನ್ನೆಲೆಯಿದೆ ಎಂದು ತಿಳಿದ ಮಗು ಕಾನೂನನ್ನು ದೂರದ ವಸ್ತುವಾಗಿ ನೋಡುವುದಿಲ್ಲ.

ಈಚಿನ ವರ್ಷಗಳಲ್ಲಿ ನೆಲ ಇನ್ನಷ್ಟು ಹದವಾಗಿದೆ. ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ ಸಂವಿಧಾನ ಓದು ಪುಸ್ತಕವೂ ಅದನ್ನು ಹಿಡಿದು ಅವರು ಮಾಡಿದ ಊರೂರು ಸುತ್ತಾಟವೂ ಕಾಲೇಜುಗಳಲ್ಲಿ ಹೊಸ ಆಸಕ್ತಿ ಹುಟ್ಟಿಸಿದವು. 2023ರಲ್ಲಿ ರಾಜ್ಯದಾದ್ಯಂತ ಸಂವಿಧಾನದ ಪೀಠಿಕೆಯ ಸಾಮೂಹಿಕ ಓದು ನಡೆಯಿತು. ಇದರ ಜೊತೆಗೆ ತುರ್ತಾದ ಒಂದು ಕೆಲಸವೂ ಬಂದಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಕೊಲೆಯ 302 ಈಗ 103, ವಂಚನೆಯ 420 ಈಗ 318. ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು ಎಂಬುದು ಈಗ ಕಾಯ್ದೆಯ ಅಕ್ಷರದಲ್ಲೇ ಇದೆ. ಶಾಲೆಯ ಗೋಡೆಯ ಮೇಲಿನ ಹಳೆಯ ಚಾರ್ಟುಗಳು, ತರಬೇತಿಯ ಹಳೆಯ ಕೈಪಿಡಿಗಳು ಬದಲಾಗಬೇಕು.

ಆದ್ದರಿಂದ ಈ ಸಂಚಿಕೆ ಯಾರ ಕೈ ಸೇರುತ್ತದೋ ಅವರಲ್ಲಿ ನನ್ನ ಕೋರಿಕೆ ಇದು. ತಾಲ್ಲೂಕು ಕಾನೂನು ಸೇವಾ ಸಮಿತಿಗಳೂ ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಕೂತು ಮಾತಾಡಿ, ಸಮಾಜ ವಿಜ್ಞಾನದ ಪ್ರತಿಯೊಬ್ಬ ಶಿಕ್ಷಕರಿಗೂ ವರ್ಷದಲ್ಲಿ ಒಂದು ದಿನ ಕೋರ್ಟಿನಲ್ಲಿ ಕೂರುವ ಅವಕಾಶವನ್ನು ಅನ್ಯಕಾರ್ಯ ನಿಮಿತ್ತ ರಜೆಯ ಲೆಕ್ಕದಲ್ಲಿ ಕೊಡಲಿ. ವಕೀಲರ ಸಂಘಗಳು ಶಾಲೆಗಳ ಒಂದೊಂದು ಕ್ಲಸ್ಟರಿಗೆ ಒಬ್ಬ ವಕೀಲರನ್ನು ಗೊತ್ತುಮಾಡಲಿ. ಅವರು ಭಾಷಣಕ್ಕೆ ಬರುವುದು ಬೇಡ, ಸಮಾಲೋಚನಾ ಸಭೆಗೆ ಬಂದು ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಲಿ. ನಿವೃತ್ತರಾದ ಮೇಷ್ಟ್ರುಗಳೇ, ಮೇಡಂಗಳೇ, ನೀವು ಪಿಎಲ್‌ವಿಗಳಾಗಿ ಹೆಸರು ನೋಂದಾಯಿಸಿ. ಮಕ್ಕಳಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂದು ಕಾಯ್ದೆಯ 12ನೇ ಕಲಂ ಹೇಳುತ್ತದೆ. ಊರಲ್ಲಿ ಇದನ್ನು ಹೇಳಲು ನಿಮಗಿಂತ ನಂಬಿಕೆಯ ಬಾಯಿ ಬೇರಿಲ್ಲ. ನಿಮ್ಮ ತಾಲ್ಲೂಕಿನ ಸಮಿತಿಯ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಕಾನೂನು ಸೇವೆಗಳ ಸಹಾಯವಾಣಿಯ ಸಂಖ್ಯೆ 15100.